ಕಳೆದುಹೋದ ಕೋವಿಯ ಲೆಕ್ಕ ಯಾರದು?

ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಒಬ್ಬರಿಗೊಬ್ಬರು ಕೈಗಿತ್ತು, ಬಂಗಾರದಂತೆ ಇರೋಣವೆಂದು ಹಾರೈಸಿ, ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವ ಪದ್ಧತಿ ಬೀದರ, ಕಲಬುರಗಿ, ರಾಯಚೂರುಗಳಿಂದ ಈ ನಗರಕ್ಕೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದುಬಂದಿದೆ. ನಮ್ಮ ತೆಲುಗು ನೆರೆಹೊರೆಯವರು ಅದೇ ಎಲೆಯನ್ನು ಜಮ್ಮಿ ಎಂದು ಕರೆದು, ಅದೇ ಬಂಗಾರವನ್ನು ನಮ್ಮ ಕೈಗೂ ಇಡುತ್ತಾರೆ. ಎರಡು ಭಾಷೆಗಳ ನಡುವೆ ಒಂದು ಮರ ಹೀಗೆ ಸೇತುವೆಯಾಗಿ ನಿಂತಿದೆ. ಆ ಮರದ ಹಿಂದಿನ ಕಥೆಯೂ ಎಲ್ಲರಿಗೆ ಗೊತ್ತಿರುವುದೇ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಮಸಣದ ಬಳಿಯ ಶಮೀವೃಕ್ಷದಲ್ಲಿ ಕಟ್ಟಿಟ್ಟು ಹೋಗುತ್ತಾರೆ. ವರ್ಷ ಕಳೆದ ಮೇಲೆ ಉತ್ತರಕುಮಾರ ಮರವೇರಿ ಆ ಕಟ್ಟನ್ನು ಬಿಚ್ಚುತ್ತಾನೆ. ಕಂಡ ಒಂದೊಂದು ಬಿಲ್ಲನ್ನೂ ಒಂದೊಂದು ಖಡ್ಗವನ್ನೂ ತೋರಿಸಿ ಇದು ಯಾರದು, ಇದು ಯಾರದು ಎಂದು ಕೇಳುತ್ತಾನೆ. ಅರ್ಜುನ ಒಂದನ್ನೂ ಬಿಡದೆ ಒಂದೊಂದಕ್ಕೂ ಒಡೆಯನ ಹೆಸರು ಹೇಳುತ್ತಾನೆ. ಯುದ್ಧದ ವರ್ಣನೆಗಾಗಿ ಕಾದು ಕುಳಿತ ಕೇಳುಗನಿಗೆ ಈ ಭಾಗ ಕೊಂಚ ದೀರ್ಘವೆನಿಸಬಹುದು. ಆದರೆ ಕವಿ ಅದನ್ನು ಬಿಟ್ಟುಕೊಟ್ಟಿಲ್ಲ. ಆಯುಧವನ್ನು ಕೈಗೆತ್ತಿಕೊಳ್ಳುವ ಮುನ್ನ ಅದರ ಲೆಕ್ಕ ಒಪ್ಪಿಸಬೇಕೆಂಬ ಧರ್ಮ ಅಲ್ಲಿ ನಿಚ್ಚಳವಾಗಿದೆ.

ಇದೇ ಹಬ್ಬದಂದು ಕರ್ನಾಟಕದಲ್ಲಾಗಲಿ ತೆಲಂಗಾಣದಲ್ಲಾಗಲಿ ಪೊಲೀಸ್ ಠಾಣೆಗಳಲ್ಲಿ ಆಯುಧಪೂಜೆ ನಡೆಯುತ್ತದೆ. ಬಂದೂಕುಗಳನ್ನು ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಬೂದುಗುಂಬಳ ಒಡೆಯುತ್ತಾರೆ. ಇದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಹಾಗೆ ಸಾಲಿನಲ್ಲಿಟ್ಟವು ಎಷ್ಟು, ಇರಬೇಕಾದವು ಎಷ್ಟು ಎಂಬುದನ್ನು ಆ ದಿನ ಯಾರಾದರೂ ಎಣಿಸಿ ನೋಡುತ್ತಾರೆಯೇ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ೨೦೨೫ರ ನವೆಂಬರ್ ತಿಂಗಳ ಕೊನೆಯಲ್ಲಿ ನಮ್ಮ ನಗರದ ಅಂಬರ್‌ಪೇಟೆ ಠಾಣೆಯ ಉಪನಿರೀಕ್ಷಕರೊಬ್ಬರಿಗೆ ಕೊಟ್ಟಿದ್ದ ಸೇವಾ ಪಿಸ್ತೂಲು ಕಾಣೆಯಾಗಿದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅವರಿಗೆ ಬೇರೊಂದು ಸರ್ಕಾರಿ ನೌಕರಿ ದೊರೆತು, ಇಲಾಖೆಯ ಸಾಮಗ್ರಿಗಳನ್ನು ಒಪ್ಪಿಸುವ ಹೊತ್ತಿಗೆ ಪಿಸ್ತೂಲು ಇಲ್ಲದಿರುವುದು ಬೆಳಕಿಗೆ ಬಂದಿತೆಂದೂ, ಜೂಜಿನ ಸಾಲಕ್ಕೆ ಸಿಲುಕಿ ಪ್ರಕರಣವೊಂದರಲ್ಲಿ ವಶಪಡಿಸಿಕೊಂಡ ಚಿನ್ನವನ್ನು ಅವರು ಗಿರವಿ ಇಟ್ಟಿದ್ದರೆಂಬ ಆರೋಪವಿದೆಯೆಂದೂ ವರದಿಯಾಯಿತು. ಆರೋಪದ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಅದನ್ನು ನಾವು ಮೈಮೇಲೆ ಎಳೆದುಕೊಳ್ಳುವುದಿಲ್ಲ. ನಮ್ಮನ್ನು ಚಿಂತೆಗೀಡುಮಾಡಿದ್ದು ಆ ವ್ಯಕ್ತಿಯ ಚಾರಿತ್ರ್ಯವಲ್ಲ, ಪಿಸ್ತೂಲು ಕಾಣೆಯಾದದ್ದು ಗೊತ್ತಾದ ಬಗೆ. ಅವರು ನೌಕರಿ ಬಿಡದೇ ಇದ್ದಿದ್ದರೆ? ಒಪ್ಪಿಸುವ ದಿನವೇ ಬಾರದೇ ಹೋಗಿದ್ದರೆ? ಆ ಪಿಸ್ತೂಲನ್ನು ಮೇಲಧಿಕಾರಿಯೊಬ್ಬರು ಕಣ್ಣಾರೆ ಕಂಡ ಕೊನೆಯ ದಿನ ಯಾವುದು? ಈ ಕೊನೆಯ ಪ್ರಶ್ನೆಗೆ ದಿನಾಂಕಸಹಿತ ಉತ್ತರ ಸಿಕ್ಕರೆ ಮಾತ್ರ ಹೊಣೆಗಾರಿಕೆಯ ಮಾತು ಆರಂಭವಾಗುತ್ತದೆ.

ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಕನ್ನಡ ಸಂಘದ ತ್ರೈಮಾಸಿಕಕ್ಕೆ ಪೊಲೀಸರ ಬಂದೂಕಿನ ಉಸಾಬರಿ ಏಕೆ? ನಾಡಹಬ್ಬ, ನಾಟಕ, ಕವಿಗೋಷ್ಠಿ, ಮಕ್ಕಳ ಕನ್ನಡ ತರಗತಿ ಇವೇ ಸಾಲದೇ? ಹೊರನಾಡಿನಲ್ಲಿರುವವರು ಆಯಾ ನಾಡಿನ ಆಡಳಿತದ ಬಗ್ಗೆ ಬಾಯಿ ಬಿಡದಿರುವುದೇ ಕ್ಷೇಮವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆಗೆ ಕಾರಣಗಳೂ ಇವೆ. ೧೯೯೧ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಬೆನ್ನಲ್ಲಿ ಬೆಂಗಳೂರಿನ ತಮಿಳರು ಏನನ್ನು ಅನುಭವಿಸಿದರೋ ಅದನ್ನು ಕಂಡ ಯಾವ ಹೊರನಾಡಿಗನೂ, ಅವನ ಭಾಷೆ ಯಾವುದೇ ಇರಲಿ, ಒಂದು ಸತ್ಯವನ್ನು ಮರೆಯಲಾರ: ಗುಂಪು ಬೀದಿಗಿಳಿದ ದಿನ ನಮಗೂ ಗುಂಪಿಗೂ ನಡುವೆ ನಿಲ್ಲುವವನು ಖಾಕಿ ತೊಟ್ಟ ಒಬ್ಬ ಪೇದೆ ಮಾತ್ರ. ಅವನ ಕೈಯಲ್ಲಿರುವ ಬಂದೂಕು ಅವನ ಕೈಯಲ್ಲೇ ಇದೆಯೆಂಬ ನಂಬಿಕೆಯ ಮೇಲೆ ನಮ್ಮ ನೆಮ್ಮದಿ ನಿಂತಿದೆ. ಹಾಗಿರುವಾಗ ಆ ಬಂದೂಕಿನ ಲೆಕ್ಕ ಕೇಳುವುದು ಪರರ ಮನೆಯ ವಿಚಾರದಲ್ಲಿ ಮೂಗು ತೂರಿಸಿದಂತಾಗದು. ಇಲ್ಲಿ ತೆರಿಗೆ ಕಟ್ಟುವ, ಇಲ್ಲಿ ಮತ ಚಲಾಯಿಸುವ, ಇಲ್ಲಿಯ ಮಣ್ಣಿನಲ್ಲೇ ತಮ್ಮ ಹಿರಿಯರನ್ನು ಕಳೆದುಕೊಂಡ ಕುಟುಂಬಗಳು ಎಷ್ಟು ಕಾಲ ಅತಿಥಿಗಳಾಗಿಯೇ ಉಳಿಯಲು ಸಾಧ್ಯ?

ಲೆಕ್ಕ ತಪ್ಪಿದ ಶಸ್ತ್ರ ಎಲ್ಲಿಗೆ ಹೋಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ೨೦೨೦ರ ಫೆಬ್ರವರಿಯಲ್ಲಿ ಸಿದ್ದಿಪೇಟೆ ಜಿಲ್ಲೆಯ ಅಕ್ಕನ್ನಪೇಟೆಯಲ್ಲಿ ನೆರೆಮನೆಯವರೊಡನೆ ನಡೆದ ಸಾಮಾನ್ಯ ಜಗಳದಲ್ಲಿ ಒಬ್ಬಾತ ಎ.ಕೆ.-೪೭ ಬಂದೂಕು ತಂದು ಗುಂಡು ಹಾರಿಸಿದನೆಂಬ ಪ್ರಕರಣ ದಾಖಲಾಯಿತು. ಗೋಡೆಯ ತಂಟೆಗೆ ಸೈನಿಕರ ಬಂದೂಕು! ಹಳ್ಳಿಯ ಮನೆಯೊಂದಕ್ಕೆ ಅಂಥ ಶಸ್ತ್ರ ಬಂದುದೆಲ್ಲಿಂದ ಎಂದು ತನಿಖೆ ನಡೆದಾಗ, ಅದು ನೆರೆಯ ಹುಸ್ನಾಬಾದ್ ಪೊಲೀಸ್ ಠಾಣೆಯಿಂದ ಕೆಲವು ವರ್ಷಗಳ ಹಿಂದೆ ಕಾಣೆಯಾಗಿದ್ದ ಬಂದೂಕೇ ಎಂಬ ಅಂಶ ಹೊರಬಿತ್ತು. ಅದರೊಡನೆ ಒಂದು ಕಾರ್ಬೈನ್ ಕೂಡ ಕಾಣೆಯಾಗಿತ್ತು. ದೈವವಶಾತ್ ಆ ದಿನ ಪ್ರಾಣಹಾನಿಯಾಗಲಿಲ್ಲ. ಆದರೆ ಠಾಣೆಯಿಂದ ಶಸ್ತ್ರ ಹೋದ ದಿನಕ್ಕೂ ಅದು ಹಳ್ಳಿಯ ಬೀದಿಯಲ್ಲಿ ಸದ್ದು ಮಾಡಿದ ದಿನಕ್ಕೂ ನಡುವಿನ ಅಷ್ಟೂ ಕಾಲ ಆ ಊರಿನ ಜನಕ್ಕೆ ತಮ್ಮ ನಡುವೆ ಅಂಥದೊಂದು ಬಂದೂಕು ಅಲೆಯುತ್ತಿದೆಯೆಂಬ ಸುಳಿವೇ ಇರಲಿಲ್ಲ. ಅವರಿಗೆ ಯಾರೂ ಎಚ್ಚರಿಕೆ ನೀಡಿರಲಿಲ್ಲ. ಕಳೆದುಕೊಂಡದ್ದು ಒಂದು ತಪ್ಪಾದರೆ, ಊರಿಗೆ ತಿಳಿಸದೇ ಉಳಿದದ್ದು ಅದಕ್ಕಿಂತ ದೊಡ್ಡ ತಪ್ಪೆಂದು ನಾವು ತಿಳಿಯುತ್ತೇವೆ.

ಇನ್ನು ಇದೇ ವಿಷಯದಲ್ಲಿ ಸಾಮಾನ್ಯ ಪ್ರಜೆಯನ್ನು ಕಾನೂನು ಹೇಗೆ ನಡೆಸಿಕೊಳ್ಳುತ್ತದೆಂಬುದನ್ನು ನೋಡಬೇಕು. ಮಲೆನಾಡಿನ ರೈತನೊಬ್ಬ ಹಂದಿಯ ಕಾಟದಿಂದ ಬೆಳೆ ಉಳಿಸಿಕೊಳ್ಳಲು ಕೋವಿಯ ಪರವಾನಗಿ ಪಡೆದಿರುತ್ತಾನೆ. ಅವನು ನಿಗದಿತ ಅವಧಿಗೊಮ್ಮೆ ಪರವಾನಗಿ ನವೀಕರಿಸಬೇಕು. ಕೊಂಡ ತೋಟೆಗಳ ಲೆಕ್ಕ ಇಡಬೇಕು. ಕೋವಿ ಕಳೆದುಹೋದರೆ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದು, ಆ ದಿನಗಳಲ್ಲಿ ಹಂದಿಗಳಿಗೆ ತೋಟ ಬಿಟ್ಟುಕೊಟ್ಟು ಕೂರಬೇಕು. ಕೋವಿಯನ್ನು ಕುಲದ ಒಡವೆಯೆಂದು ಭಾವಿಸಿ ಕೈಲ್‌ಪೊಳ್ದ್ ದಿನ ಅದನ್ನು ಪೂಜಿಸುವ ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯಿದೆ ನಿಜ. ಕೇಂದ್ರ ಸರ್ಕಾರ ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ವಿಸ್ತರಿಸಿತು. ಆದರೆ ಅವರೂ ಜಿಲ್ಲಾಡಳಿತದಿಂದ ವಿನಾಯಿತಿಪತ್ರ ಪಡೆದೇ ಇರಬೇಕು. ಅಂದರೆ ಪ್ರಜೆಯ ಕೈಯಲ್ಲಿರುವ ಪ್ರತಿಯೊಂದು ಕೋವಿಗೂ ಕಾನೂನಿನ ಕಣ್ಣಿನಲ್ಲಿ ಒಬ್ಬ ಒಡೆಯನಿದ್ದಾನೆ, ಒಂದು ಕಾಗದವಿದೆ, ತಪ್ಪಿದರೆ ಶಿಕ್ಷೆಯಿದೆ.

ಪೊಲೀಸರ ಶಸ್ತ್ರಗಳ ಕಥೆ ಬೇರೆ. ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದ ೪೫ನೆಯ ಕಲಂ ಸರ್ಕಾರಿ ನೌಕರನು ಕರ್ತವ್ಯನಿಮಿತ್ತ ಹೊಂದಿರುವ ಶಸ್ತ್ರಗಳನ್ನು ಆ ಕಾನೂನಿನ ಹೊರಗಿರಿಸಿದೆ. ಅದು ಸಹಜವೇ, ಪೇದೆಯೊಬ್ಬ ಪರವಾನಗಿಗಾಗಿ ಅರ್ಜಿ ಹಾಕುತ್ತ ಕೂರಲಾಗದು. ಆದರೆ ಹೀಗೆ ಹೊರಗಿರಿಸಿದ ಮೇಲೆ ಅಲ್ಲಿ ಉಳಿಯುವುದು ಇಲಾಖೆಯ ಒಳಗಿನ ನಿಯಮಗಳು ಮಾತ್ರ. ೧೮೬೧ರ ಪೊಲೀಸ್ ಅಧಿನಿಯಮದ ೨೯ನೆಯ ಕಲಂ ಕರ್ತವ್ಯಲೋಪಕ್ಕೆ ಮೂರು ತಿಂಗಳ ವೇತನದವರೆಗಿನ ದಂಡವನ್ನೋ ಮೂರು ತಿಂಗಳವರೆಗಿನ ಸೆರೆಯನ್ನೋ ಅಥವಾ ಎರಡನ್ನೂ ವಿಧಿಸುತ್ತದೆ. ಕರ್ನಾಟಕದಲ್ಲಿ ೧೯೬೫ರ ಶಿಸ್ತು ನಡವಳಿಕೆಗಳ ನಿಯಮಗಳ ಪ್ರಕಾರ ಇಲಾಖಾ ವಿಚಾರಣೆ ನಡೆಯುತ್ತದೆ. ೨೦೧೯ರಲ್ಲಿ ಶಸ್ತ್ರಾಸ್ತ್ರ ಕಾನೂನಿಗೆ ತಿದ್ದುಪಡಿಯಾದಾಗ, ಪೊಲೀಸರಿಂದ ಬಲವಂತವಾಗಿ ಬಂದೂಕು ಕಿತ್ತುಕೊಂಡವನಿಗೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯೆಂಬ ಹೊಸ ವಿಧಿ ಸೇರಿತು. ಕಿತ್ತುಕೊಂಡವನಿಗೂ ಕಳೆದುಕೊಂಡವನಿಗೂ ಒಂದೇ ಶಿಕ್ಷೆಯಾಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಕಿತ್ತುಕೊಳ್ಳುವವನ ಬಗ್ಗೆ ಇಷ್ಟು ಎಚ್ಚರವಾಗಿದ್ದ ಶಾಸನಸಭೆ, ಕಳೆದುಹೋದದ್ದನ್ನು ಬಚ್ಚಿಡುವವನ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತನ್ನೂ ಆಡಲಿಲ್ಲವೆಂಬುದು ಗಮನಾರ್ಹ.

ಇಲ್ಲಿ ನ್ಯಾಯದ ದೃಷ್ಟಿಯಿಂದ ಒಂದು ವಿವೇಚನೆ ಅಗತ್ಯ. ಕಳೆದುಹೋದ ಶಸ್ತ್ರಗಳೆಲ್ಲವೂ ಒಂದೇ ಬಗೆಯವಲ್ಲ. ೧೯೯೨ರ ಮೇ ತಿಂಗಳಲ್ಲಿ ವೀರಪ್ಪನ್ ಮತ್ತು ಅವನ ತಂಡ ಕೊಳ್ಳೇಗಾಲ ತಾಲೂಕಿನ ರಾಮಾಪುರ ಠಾಣೆಯ ಮೇಲೆ ಎರಗಿ ಐವರು ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದಿತು. ೨೦೦೫ರ ಫೆಬ್ರವರಿಯಲ್ಲಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ರಾಜ್ಯ ಮೀಸಲು ಪೊಲೀಸರ ಮೇಲೆ ನಕ್ಸಲರು ರಾತ್ರಿವೇಳೆ ದಾಳಿ ಮಾಡಿ, ಅವರನ್ನು ಕೊಂದು ಶಸ್ತ್ರಗಳನ್ನು ಕೊಂಡೊಯ್ದರು. ೨೦೧೫ರ ಅಕ್ಟೋಬರ್‌ನಲ್ಲಿ ದೊಡ್ಡಬಳ್ಳಾಪುರದ ಉಪನಿರೀಕ್ಷಕ ಜಗದೀಶ್ ಅವರು ವಾಹನಕಳ್ಳರನ್ನು ಹಿಡಿಯಹೋಗಿ ನೆಲಮಂಗಲದಲ್ಲಿ ಇರಿತಕ್ಕೊಳಗಾಗಿ ಮಡಿದರು. ಕೊಂದವರು ಅವರ ಪಿಸ್ತೂಲನ್ನೂ ಎತ್ತಿಕೊಂಡು ಪರಾರಿಯಾದರು. ಇಂಥವರನ್ನು ಶಸ್ತ್ರ ಕಳೆದುಕೊಂಡವರ ಪಟ್ಟಿಗೆ ಸೇರಿಸುವುದು ಅವರ ನೆನಪಿಗೆ ಮಾಡುವ ಅಪಚಾರ. ಅವರು ಶಸ್ತ್ರದೊಡನೆ ಪ್ರಾಣವನ್ನೂ ತೆತ್ತವರು.

ಆದರೆ ಇಲ್ಲಿಯೂ ಹೊಣೆಗಾರಿಕೆಯ ಪ್ರಶ್ನೆ ಇಲ್ಲವೆಂದಲ್ಲ. ಅದು ಬೇರೆಯವರ ಕಡೆಗೆ ತಿರುಗುತ್ತದೆ, ಅಷ್ಟೆ. ರಾಜ್ಯದ ಗಡಿಯ ಹಳ್ಳಿಯೊಂದರಲ್ಲಿ, ಮಕ್ಕಳು ಪಾಠ ಕಲಿಯುವ ಶಾಲೆಯ ಕೊಠಡಿಗಳಲ್ಲಿ, ಸಶಸ್ತ್ರ ಪಡೆಯೊಂದನ್ನು ಇರಿಸಲು ತೀರ್ಮಾನಿಸಿದವರು ಯಾರು? ಅಲ್ಲಿನ ರಕ್ಷಣೆಯ ವ್ಯವಸ್ಥೆಯನ್ನು ಬಂದು ನೋಡಿದವರು ಯಾರು? ಒಂಟಿಯಾಗಿ ಬೆನ್ನಟ್ಟುವ ಸ್ಥಿತಿಗೆ ಉಪನಿರೀಕ್ಷಕರನ್ನು ದೂಡುವ ಸಿಬ್ಬಂದಿಯ ಕೊರತೆಗೆ ಉತ್ತರಿಸಬೇಕಾದವರು ಯಾರು? ಠಾಣೆಯಲ್ಲಿ ಪೇದೆಗೆ ಮಲಗಲು ಮಂಚವಿಲ್ಲ, ಬಂದೂಕಿಡಲು ಬೀಗವಿರುವ ಕಪಾಟಿಲ್ಲ; ಬಂದೋಬಸ್ತಿಗೆಂದು ಊರೂರು ಅಲೆದು ಕಲ್ಯಾಣಮಂಟಪದ ನೆಲದಲ್ಲಿ ಬಂದೂಕನ್ನು ಪಕ್ಕದಲ್ಲಿಟ್ಟು ನಿದ್ದೆಗೆ ಜಾರುವವನು ಅವನು. ಅಂಥವನ ಬಂದೂಕು ಬೆಳಗಾಗುವುದರಲ್ಲಿ ಕಾಣೆಯಾದರೆ ಅಮಾನತಾಗುವವನು ಅವನೊಬ್ಬನೇ. ವೇತನದಿಂದ ವಸೂಲಿ, ಬಡ್ತಿಗೆ ತಡೆ, ಊರಾಚೆಗೆ ವರ್ಗ ಇವೆಲ್ಲ ಅವನ ಪಾಲಿಗೆ. ಕಪಾಟು ಕೊಡದವರ ಹೆಸರು ಆ ವಿಚಾರಣೆಯ ಕಡತದಲ್ಲಿ ಬರುವುದೇ ಇಲ್ಲ. ಹೊಣೆಗಾರಿಕೆಯೆಂಬುದು ನೀರಿನಂತೆ ಸದಾ ಕೆಳಕ್ಕೇ ಹರಿಯಬೇಕೆಂಬ ನಿಯಮ ಎಲ್ಲಿದೆ?

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ನಷ್ಟವಿದೆ. ಅಲ್ಲಿ ಶಸ್ತ್ರ ಕಳೆಯುವುದಿಲ್ಲ, ಮಾರಾಟವಾಗುತ್ತದೆ. ೨೦೧೦ರ ಏಪ್ರಿಲ್‌ನಲ್ಲಿ ದಂತೇವಾಡದ ಬಳಿ ನಕ್ಸಲರ ಹೊಂಚುದಾಳಿಯಲ್ಲಿ ೭೬ ಮಂದಿ ಜವಾನರು ಹತರಾದ ತಿಂಗಳಲ್ಲೇ ಉತ್ತರ ಪ್ರದೇಶದ ರಾಂಪುರದಲ್ಲಿ ಒಂದು ಜಾಲ ಸಿಕ್ಕಿಬಿತ್ತು. ಅರೆಸೇನಾ ಪಡೆ ಮತ್ತು ಪೊಲೀಸ್ ಪಡೆಗಳ ಕೆಲವರು ಸರ್ಕಾರಿ ಉಗ್ರಾಣಗಳಿಂದ ತೋಟೆಗಳನ್ನು ಸಾಗಿಸಿ ಹೊರಗೆ ಮಾರುತ್ತಿದ್ದರೆಂಬುದು ಮೊಕದ್ದಮೆ. ಹದಿಮೂರು ವರ್ಷಗಳ ನಂತರ, ೨೦೨೩ರ ಅಕ್ಟೋಬರ್‌ನಲ್ಲಿ, ರಾಂಪುರದ ನ್ಯಾಯಾಲಯ ೨೪ ಮಂದಿಗೆ ತಲಾ ಹತ್ತು ವರ್ಷಗಳ ಸೆರೆ ವಿಧಿಸಿತು. ಅವರಲ್ಲಿ ಹೆಚ್ಚಿನವರು ಸಮವಸ್ತ್ರ ತೊಟ್ಟವರೇ. ಉಗ್ರಾಣದ ಪುಸ್ತಕದಲ್ಲಿ ಲೆಕ್ಕ ಸರಿಯಾಗಿ ತೋರುತ್ತಿದ್ದರಷ್ಟೇ ಇಂಥ ವ್ಯಾಪಾರ ನಡೆಯಲು ಸಾಧ್ಯ. ಆದುದರಿಂದ ನಾವು ಭಯಪಡಬೇಕಾದದ್ದು ಲೆಕ್ಕ ತಪ್ಪಿದ ಪುಸ್ತಕಕ್ಕಲ್ಲ. ಸುಳ್ಳಾಗಿದ್ದೂ ತಾಳೆಯಾಗುವ ಪುಸ್ತಕಕ್ಕೆ.

ಈ ಮಾತಿಗೆ ಕೇರಳದ ಒಂದು ಪ್ರಸಂಗ ನಿದರ್ಶನ. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಕನ್ನಡಿಗರು ಯಾವ ಪೊಲೀಸರ ರಕ್ಷಣೆಯಲ್ಲಿ ಬದುಕುತ್ತಿದ್ದಾರೋ ಅದೇ ಕೇರಳ ಪೊಲೀಸರ ಬಗ್ಗೆ ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೇಖಪಾಲರು ಸಿದ್ಧಪಡಿಸಿದ ವರದಿಯೊಂದು ೨೦೨೦ರ ಫೆಬ್ರವರಿಯಲ್ಲಿ ಅಲ್ಲಿಯ ವಿಧಾನಸಭೆಯ ಮುಂದೆ ಬಂದಿತು. ತಿರುವನಂತಪುರದ ವಿಶೇಷ ಸಶಸ್ತ್ರ ಪೊಲೀಸ್ ಪಡೆಯಲ್ಲಿ ೨೫ ಇನ್ಸಾಸ್ ರೈಫಲ್‌ಗಳೂ ೧೨,೦೬೧ ತೋಟೆಗಳೂ ಕಡಮೆಯಾಗಿವೆಯೆಂದೂ, ನಿಜವಾದ ತೋಟೆಗಳಿರಬೇಕಾದಲ್ಲಿ ೨೫೦ ನಕಲಿ ತೋಟೆಗಳನ್ನು ಇರಿಸಲಾಗಿತ್ತೆಂದೂ ಅದು ಹೇಳಿತು. ಬಳಿಕ ರಾಜ್ಯದ ಅಪರಾಧ ಶಾಖೆ ರೈಫಲ್‌ಗಳನ್ನು ಒಂದೊಂದಾಗಿ ಪರಿಶೀಲಿಸಿ, ಎಲ್ಲವೂ ಇವೆ, ತಪ್ಪಿದ್ದು ದಾಖಲೆ ಮಾತ್ರ ಎಂದು ಘೋಷಿಸಿತು. ತೋಟೆಗಳ ವಿಷಯದಲ್ಲಿ ಮೊಕದ್ದಮೆ ನಡೆದು ಇಲಾಖೆಯವರೇ ಬಂಧನಕ್ಕೊಳಗಾದರು. ರೈಫಲ್‌ಗಳು ಸಿಕ್ಕವೆಂಬುದು ಸಂತೋಷದ ಸಂಗತಿಯೇ. ಆದರೆ ಹೊರಗಿನ ಲೆಕ್ಕಪರಿಶೋಧಕರೊಬ್ಬರು ಬಂದು ಕೇಳುವವರೆಗೆ, ತನ್ನ ಬಳಿ ರೈಫಲ್ ಇದೆಯೋ ಇಲ್ಲವೋ ಎಂದು ಒಂದು ಸಶಸ್ತ್ರ ಪಡೆ ತಾನೇ ಖಚಿತವಾಗಿ ಹೇಳಲಾರದ ಸ್ಥಿತಿಯಲ್ಲಿತ್ತು. ‘ಕಳೆದಿಲ್ಲ, ಬರೆದಿಟ್ಟಿಲ್ಲ ಅಷ್ಟೇ’ ಎಂಬುದು ಅಂಗಡಿಯ ಅಕ್ಕಿಯ ವಿಷಯದಲ್ಲಿ ಸಮಾಧಾನವಾದೀತು. ಬಂದೂಕಿನ ವಿಷಯದಲ್ಲಿ ಅದು ತಪ್ಪೊಪ್ಪಿಗೆ.

ಸನತ್‌ನಗರ ಕಾರ್ಖಾನೆಗಳ ನೆಲ. ೧೯೪೨ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಆಲ್ವಿನ್ ಈಗಿಲ್ಲ. ಆದರೆ ಅದರಂಥ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮ ನಡುವೆ ಇದ್ದಾರೆ. ಕಾರ್ಖಾನೆಯ ಸಲಕರಣೆಗಳ ಕೋಣೆಯ ಪದ್ಧತಿಯನ್ನು ಅವರು ಬಲ್ಲರು. ಪ್ರತಿಯೊಬ್ಬ ಕೆಲಸಗಾರನಿಗೂ ಅವನ ಸಂಖ್ಯೆ ಕೊರೆದ ಹಿತ್ತಾಳೆಯ ಬಿಲ್ಲೆಗಳಿರುತ್ತವೆ. ಒಂದು ಮೈಕ್ರೋಮೀಟರ್ ಬೇಕಾದರೆ ಬಿಲ್ಲೆ ಕೊಡಬೇಕು. ಉಗ್ರಾಣದವನು ಸಲಕರಣೆಯನ್ನು ತೆಗೆದ ಮೊಳೆಗೆ ಆ ಬಿಲ್ಲೆಯನ್ನು ತೂಗುಹಾಕುತ್ತಾನೆ. ಪಾಳಿ ಮುಗಿಯುವಾಗ ಹಲಗೆಯ ಮೇಲೆ ಬಿಲ್ಲೆ ಉಳಿದಿದೆಯೆಂದರೆ ಸಲಕರಣೆ ಮರಳಿಲ್ಲವೆಂದು ಅರ್ಥ. ಅದನ್ನು ಕಾಣಲು ಯಾರೂ ಪುಸ್ತಕ ತೆರೆಯಬೇಕಿಲ್ಲ, ಕಣ್ಣು ಸಾಕು. ಮೊಳೆಯ ಮೇಲೆ ಬಿಲ್ಲೆಯೂ ಇಲ್ಲ, ಸಲಕರಣೆಯೂ ಇಲ್ಲ ಎಂದಾದರೆ ಉಗ್ರಾಣದವನೇ ಉತ್ತರ ಹೇಳಬೇಕು. ಕೆಲವೇ ನೂರು ರೂಪಾಯಿಗಳ ಸಲಕರಣೆಗೆ ಇಷ್ಟು ಶಿಸ್ತು.

ಪೊಲೀಸ್ ಶಸ್ತ್ರಾಗಾರದಲ್ಲಿ ಇಂಥ ನಿಯಮಗಳಿಲ್ಲವೆಂದಲ್ಲ. ಬಂದೂಕಿಗೊಂದು ಸಂಖ್ಯೆ, ಕೊಟ್ಟು ಪಡೆಯುವುದಕ್ಕೊಂದು ಪುಸ್ತಕ, ಪಹರೆ ಬದಲಾಗುವಾಗ ಎಣಿಕೆ, ಮೇಲಧಿಕಾರಿಗಳ ನಿಯತಕಾಲಿಕ ತಪಾಸಣೆ ಇವೆಲ್ಲ ಉಂಟು. ಕೊರತೆ ನಿಯಮದ್ದಲ್ಲ, ನೋಡದೆ ಹಾಕುವ ಸಹಿಯದು. ಹಿಂದಿನವರು ಬರೆದ ಸಂಖ್ಯೆಯ ಕೆಳಗೆ ಮುಂದಿನವರು ಅದೇ ಸಂಖ್ಯೆಯನ್ನು ಬರೆದು ಸಹಿ ಹಾಕುತ್ತಾರೆ. ಅದರ ಕೆಳಗೆ ಮತ್ತೊಬ್ಬರು. ತಪಾಸಣೆಗೆಂದು ಬಂದವರು ಸಹಿಗಳ ಮೇಲೆ ಸಹಿ ಹಾಕಿ ಚಹಾ ಕುಡಿದು ಹೊರಡುತ್ತಾರೆ. ಹುಸ್ನಾಬಾದಿನ ಬಂದೂಕನ್ನು ಒಬ್ಬ ಕದ್ದಿರಬಹುದು, ಒಬ್ಬ ಕಳೆದುಕೊಂಡಿರಬಹುದು; ಆದರೆ ಅದು ವರ್ಷಗಟ್ಟಲೆ ಕಣ್ಮರೆಯಾಗಿ ಉಳಿಯುವುದಕ್ಕೆ ಅವರಿಬ್ಬರು ಮಾತ್ರ ಸಾಲರು. ಅದಕ್ಕೆ ಇನ್ನೂ ಹಲವರ ಮೌನ ಬೇಕಾಗುತ್ತದೆ. ಕಳೆದುಕೊಳ್ಳುವುದು ಒಬ್ಬನ ಕೆಲಸ. ಮುಚ್ಚಿಡುವುದು ಒಂದು ವ್ಯವಸ್ಥೆಯ ಕೆಲಸ. ನಮ್ಮ ಶಿಕ್ಷೆಗಳೆಲ್ಲ ಮೊದಲನೆಯದಕ್ಕೆ ಮೀಸಲಾಗಿವೆ, ಎರಡನೆಯದು ಯಾರ ಕಣ್ಣಿಗೂ ಬೀಳದೆ ಪಾರಾಗುತ್ತದೆ. ಇದೇ ಈ ಲೇಖನದ ಮುಖ್ಯ ದೂರು.

ಅಕಿರಾ ಕುರೊಸಾವಾ ೧೯೪೯ರಲ್ಲಿ ‘ನೋರಾ ಇನು’ ಎಂಬ ಚಿತ್ರ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಸೋತು ಬಸವಳಿದ ಟೋಕಿಯೋ ನಗರದಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ ಯುವ ಪತ್ತೇದಾರನೊಬ್ಬನ ಪಿಸ್ತೂಲು ಕಳುವಾಗುತ್ತದೆ. ಅದರಲ್ಲಿದ್ದದ್ದು ಏಳು ಗುಂಡುಗಳು. ಊರಿನಲ್ಲೆಲ್ಲೋ ಒಂದು ಗುಂಡು ಹಾರಿತೆಂಬ ಸುದ್ದಿ ಬಂದಾಗಲೆಲ್ಲ ಅದು ತನ್ನದೇ ಎಂದು ಅವನು ಬೇಯುತ್ತಾನೆ. ಉಳಿದವೆಷ್ಟು ಎಂದು ಎಣಿಸುತ್ತಾನೆ. ಹೊಣೆಗಾರಿಕೆಯೆಂದರೆ ಮೂಲದಲ್ಲಿ ಈ ಎಣಿಕೆಯೇ. ಆದರೆ ಆ ಚಿತ್ರದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪಿಸ್ತೂಲು ಹೋದ ಕೂಡಲೇ ಅವನು ಮೇಲಧಿಕಾರಿಯ ಬಳಿಗೆ ಹೋಗಿ ಹೇಳಿಬಿಡುತ್ತಾನೆ. ಹೇಳಿದ್ದರಿಂದಲೇ ಹುಡುಕಾಟ ಸಾಧ್ಯವಾಯಿತು, ಹಿರಿಯ ಸಹೋದ್ಯೋಗಿಯ ನೆರವೂ ದೊರೆಯಿತು. ನಮ್ಮ ಇಲಾಖೆಗಳಲ್ಲಿ ಕಿರಿಯನೊಬ್ಬ ಹಾಗೆ ಹೋಗಿ ಹೇಳುವ ಧೈರ್ಯ ಮಾಡಬಲ್ಲನೇ? ಹೇಳಿದವನನ್ನು ಆ ಕ್ಷಣವೇ ಅಮಾನತುಗೊಳಿಸಿ, ಹೇಳದೆ ಉಳಿದವನನ್ನು ಸುಖವಾಗಿ ಬಾಳಲು ಬಿಡುವ ವ್ಯವಸ್ಥೆ ಎಲ್ಲರಿಗೂ ಮೌನವನ್ನೇ ಕಲಿಸುತ್ತದೆ.

ಬಹಿರಂಗಪಡಿಸಿದರೆ ಇಲಾಖೆಯ ಮರ್ಯಾದೆ ಹೋಗುತ್ತದೆ, ಸಮಾಜಘಾತುಕರಿಗೆ ಧೈರ್ಯ ಬರುತ್ತದೆ ಎಂಬ ವಾದವನ್ನು ಅಧಿಕಾರಿಗಳು ಮುಂದಿಡುವುದುಂಟು. ಈ ವಾದ ವಿಚಾರಕ್ಕೆ ನಿಲ್ಲದು. ಬಂದೂಕು ಕದ್ದವನಿಗೆ ಅದು ಕಳುವಾಗಿದೆಯೆಂದು ಮೊದಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಜನರಿಗೆ ಮಾತ್ರ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯ ಶಸ್ತ್ರಗಳನ್ನು ಅಲ್ಲಿಯ ನ್ಯಾಯ ಇಲಾಖೆಯ ಮಹಾಪರಿವೀಕ್ಷಕರು ೨೦೦೨ರಲ್ಲಿ ಲೆಕ್ಕಹಾಕಿ, ೨೮ ತಿಂಗಳಲ್ಲಿ ೩೫೪ ಶಸ್ತ್ರಗಳು ಕಳೆದಿವೆ ಅಥವಾ ಕಳುವಾಗಿವೆಯೆಂದು ಜಗಜ್ಜಾಹೀರು ಮಾಡಿದರು. ೨೦೦೭ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ೪೪ ತಿಂಗಳಲ್ಲಿ ೧೬೦ ಎಂದು ಕಂಡಿತು. ತಿಂಗಳಿಗೆ ಹನ್ನೆರಡಕ್ಕೂ ಮಿಗಿಲಾಗಿದ್ದದ್ದು ನಾಲ್ಕಕ್ಕಿಂತ ಕಡಮೆಗಿಳಿಯಿತು. ಆ ದೇಶದ ಎಲ್ಲವನ್ನೂ ಹೊಗಳಬೇಕಾಗಿಲ್ಲ; ಬಂದೂಕಿನ ವಿಷಯದಲ್ಲಂತೂ ಅದು ಯಾರಿಗೂ ಮಾದರಿಯಲ್ಲ. ಆದರೆ ಅವಮಾನವನ್ನು ಅಂಕಿಯಾಗಿ ಮುದ್ರಿಸಿದರೆ ಅದು ಕಡಮೆಯಾಗುತ್ತದೆಂಬ ಪಾಠವನ್ನು ಯಾರಿಂದ ಕಲ್ಲಿತರೂ ನಷ್ಟವಿಲ್ಲ.

ನಮ್ಮಲ್ಲಿ ಅಂಥ ಹೊರಗಣ್ಣು ಯಾವುದಿದೆ? ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೦೬ರಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಆದೇಶಿಸಿತು. ಆದರೆ ಬಂಧನದಲ್ಲಿನ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ದುರ್ವರ್ತನೆಗಳೇ ಅವುಗಳ ಮುಖ್ಯ ಕಾರ್ಯಕ್ಷೇತ್ರ. ಕಾಣೆಯಾದ ಬಂದೂಕಿನ ಬಗ್ಗೆ ಅಲ್ಲಿಗೆ ದೂರು ಒಯ್ಯಬೇಕಾದರೆ ಮೊದಲು ಅದು ಕಾಣೆಯಾದ ಸಂಗತಿ ನಾಗರಿಕನಿಗೆ ಗೊತ್ತಿರಬೇಕಲ್ಲ! ಕೊನೆಗೆ ಉಳಿಯುವವರು ಹಣದ ಲೆಕ್ಕ ನೋಡಲು ಬರುವ ಮಹಾಲೇಖಪಾಲರೊಬ್ಬರೇ.

ಆದುದರಿಂದ ನಮ್ಮ ಕೋರಿಕೆಗಳು ಸರಳವಾಗಿವೆ. ಮೊದಲನೆಯದಾಗಿ, ಶಸ್ತ್ರ ಕಾಣೆಯಾದದ್ದು ತಿಳಿದ ದಿನವೇ ಪ್ರಥಮ ವರ್ತಮಾನ ವರದಿ ದಾಖಲಾಗಿ, ಆ ಪ್ರದೇಶದ ಜನರಿಗೆ ತಿಳಿಯಬೇಕು. ರೈತನಿಗೆ ವಿಧಿಸಿದ ನಿಯಮ ಠಾಣಾಧಿಕಾರಿಗೂ ಇರಲಿ. ಎರಡನೆಯದಾಗಿ, ತಾನಾಗಿ ಬಂದು ತಿಳಿಸಿದವನಿಗೂ ಬಚ್ಚಿಟ್ಟು ಸಿಕ್ಕಿಬಿದ್ದವನಿಗೂ ಶಿಕ್ಷೆಯಲ್ಲಿ ಸ್ಪಷ್ಟವಾದ ಅಂತರವಿರಬೇಕು. ಬಚ್ಚಿಡುವುದು ಬೇರೆಯೇ ಅಪರಾಧವೆಂದು ಕಾನೂನಿನಲ್ಲಿ ಸೇರಬೇಕು. ಮೂರನೆಯದಾಗಿ, ಶಸ್ತ್ರ ಕಾಣೆಯಾದ ದಿನದಿಂದ ಪತ್ತೆಯಾದ ದಿನದವರೆಗೆ ದಾಸ್ತಾನು ಪುಸ್ತಕದಲ್ಲಿ ಸಹಿ ಹಾಕಿದ ಪ್ರತಿಯೊಬ್ಬ ಅಧಿಕಾರಿಯೂ, ಅವರ ದರ್ಜೆ ಎಷ್ಟೇ ಎತ್ತರದ್ದಿರಲಿ, ವಿಚಾರಣೆಗೆ ಉತ್ತರಿಸಬೇಕು. ನಾಲ್ಕನೆಯದಾಗಿ, ರಾಜ್ಯದ ಪೊಲೀಸ್ ಶಸ್ತ್ರಗಳಲ್ಲಿ ಎಷ್ಟು ಕಳೆದವು, ಎಷ್ಟು ಸಿಕ್ಕವು, ಯಾರ ಮೇಲೆ ಏನು ಕ್ರಮವಾಯಿತು ಎಂಬುದು ವರ್ಷಕ್ಕೊಮ್ಮೆ ವಿಧಾನಸಭೆಯ ಮುಂದೆ ಬರಬೇಕು. ಶಸ್ತ್ರಾಗಾರಗಳು ಎಲ್ಲಿವೆ, ಎಷ್ಟು ಕಾವಲಿದೆ ಎಂಬ ಗುಟ್ಟುಗಳನ್ನು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಕಳೆದುಹೋದವುಗಳ ಲೆಕ್ಕ. ಕಳೆದುಹೋದದ್ದರಲ್ಲಿ ಕಾಪಾಡಬೇಕಾದ ಗುಟ್ಟೇನಿದೆ?

ಲೆಕ್ಕ ತಪ್ಪಿದ ಶಸ್ತ್ರಗಳು ಒಂದು ನಾಡನ್ನು ಯಾವ ಸ್ಥಿತಿಗೆ ತರಬಲ್ಲವೆಂಬುದನ್ನು ಮಣಿಪುರ ತೋರಿಸಿಕೊಟ್ಟಿದೆ. ೨೦೨೩ರ ಮೇ ತಿಂಗಳ ನಂತರ ಅಲ್ಲಿಯ ಪೊಲೀಸ್ ಶಸ್ತ್ರಾಗಾರಗಳಿಂದ ಸುಮಾರು ಆರು ಸಾವಿರ ಶಸ್ತ್ರಗಳು ಲೂಟಿಯಾದವು. ೨೦೨೫ರ ಫೆಬ್ರವರಿಯಲ್ಲಿ ರಾಜ್ಯಪಾಲರೇ ಜನರಿಗೆ ಮನವಿ ಮಾಡಿಕೊಂಡಾಗ ಮರಳಿದ್ದು ಸುಮಾರು ಒಂದು ಸಾವಿರ. ಪ್ರಭುತ್ವ ತನ್ನ ಬಂದೂಕನ್ನು ಪ್ರಜೆಯಿಂದ ಬೇಡಿ ಪಡೆಯಬೇಕಾದ ದಿನ ಅದು. ನಮ್ಮ ಭಾಗದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ೧೯೪೭-೪೮ರಲ್ಲಿ ರಜಾಕಾರರ ಕೈಗೆ ಶಸ್ತ್ರಗಳು ಬಂದಾಗ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಊರು ಬಿಟ್ಟು ಗಡಿಯಾಚೆಯ ಶಿಬಿರಗಳನ್ನು ಸೇರಿದ ಕಥೆಯನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿಯೇ ನಮ್ಮಲ್ಲಿ ಅನೇಕರು ಬೆಳೆದವರು. ಯಾರ ಕೈಯಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ಕಾಲವೇ ಎಲ್ಲಕ್ಕಿಂತ ಭೀಕರವಾದ ಕಾಲವೆಂಬುದು ಆ ಕಥೆಗಳ ಸಾರ.

ಈ ನಗರದ ಪೊಲೀಸರ ಬಗ್ಗೆ ನಮಗೆ ದ್ವೇಷವಿಲ್ಲ. ಗಣೇಶನ ವಿಸರ್ಜನೆಯಲ್ಲಿ, ಮೊಹರಮ್ಮಿನ ಮೆರವಣಿಗೆಯಲ್ಲಿ ಹಗಲಿರುಳು ನಿಂತು ಜನರನ್ನು ಕಾಯುವ ಅವರ ಶ್ರಮವನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಗೌರವವಿರುವುದರಿಂದಲೇ ಕೇಳುತ್ತಿದ್ದೇವೆ. ಬರುವ ದಸರೆಯಲ್ಲೂ ಠಾಣೆಗಳಲ್ಲಿ ಆಯುಧಗಳಿಗೆ ಹೂ ಏರಲಿ. ಆದರೆ ಹೂ ಏರಿಸುವ ಮುನ್ನ ಯಾರಾದರೊಬ್ಬರು ಉತ್ತರಕುಮಾರನಂತೆ ಒಂದೊಂದನ್ನೂ ತೋರಿಸಿ ಇದು ಯಾರದು ಎಂದು ಕೇಳಲಿ. ಉತ್ತರಿಸಬೇಕಾದವರು ಒಂದೊಂದಕ್ಕೂ ಹೆಸರು ಹೇಳಲಿ. ಸಾಲಿನಲ್ಲಿ ಒಂದು ಜಾಗ ಖಾಲಿಯಿದ್ದರೆ ಅದನ್ನು ಹೂವಿನಿಂದ ಮುಚ್ಚದಿರಲಿ.

— ಸಂಪಾದಕ ಮಂಡಳಿ